ಯಾರಿಗೆ ಹೆದರಿತ್ತು ಅಥೆನ್ಸ್, ಯಾರಿಗೆ ಹೆದರಿತ್ತು ಸ್ಪಾರ್ಟಾ

(ಪ್ರಾಚೀನ ಗ್ರೀಸಿನ ಎರಡು ನಗರರಾಜ್ಯಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ.)

ಎಲ್ಲರಿಗೂ ನಮಸ್ಕಾರ.

ಕ್ರಿ.ಪೂ. 432ನೇ ಇಸವಿ. ಸ್ಪಾರ್ಟಾದ ನಾಗರಿಕರು ಸಭೆ ಸೇರಿದ್ದಾರೆ. ಅಥೆನ್ಸ್ ಮೇಲೆ ಯುದ್ಧ ಹೂಡಬೇಕೋ ಬೇಡವೋ ಅನ್ನುವುದು ಅವತ್ತಿನ ವಿಷಯ. ರಾಜ ಆರ್ಕಿಡೇಮಸ್ ಅನುಭವಸ್ಥ. ಅವನು ಎದ್ದು ನಿಂತು, ಆತುರಪಡಬೇಡಿ, ಅವರ ಹತ್ತಿರ ದುಡ್ಡಿದೆ, ಹಡಗುಗಳಿವೆ, ಈ ಯುದ್ಧವನ್ನು ನಮ್ಮ ಮಕ್ಕಳ ತಲೆಗೂ ಕಟ್ಟಿ ಹೋಗಬೇಕಾದೀತು ಅಂತ ಎಚ್ಚರಿಸಿದ. ಆಮೇಲೆ ಸ್ಥೆನೆಲೈಡಸ್ ಅನ್ನುವ ಅಧಿಕಾರಿ ನಾಲ್ಕು ಮಾತು ಬಿರುಸಾಗಿ ಆಡಿ ವಿಷಯವನ್ನು ಮತಕ್ಕೆ ಹಾಕಿದ. ಸ್ಪಾರ್ಟಾದಲ್ಲಿ ಮತ ಅಂದರೆ ಕೂಗು. ಯಾವ ಕಡೆಯ ಕೂಗು ಜೋರೋ ಆ ಕಡೆ ಗೆದ್ದ ಹಾಗೆ. ಎಲ್ಲರೂ ಕೂಗಿದರು. ಸ್ಥೆನೆಲೈಡಸ್ ಏನಂದ ಗೊತ್ತಾ? ಯಾವ ಕೂಗು ದೊಡ್ಡದು ಅಂತ ನನಗೆ ತಿಳಿಯಲಿಲ್ಲ, ಯುದ್ಧ ಬೇಕು ಅನ್ನುವವರು ಆ ಕಡೆ ಹೋಗಿ, ಬೇಡ ಅನ್ನುವವರು ಈ ಕಡೆ ಬನ್ನಿ ಅಂದ.

ಅವನಿಗೆ ನಿಜಕ್ಕೂ ಕೇಳಿಸಿರಲಿಲ್ಲವೇ? ಈ ಘಟನೆಯನ್ನು ಬರೆದಿಟ್ಟ ಥುಸಿಡಿಡೀಸ್ ಅದನ್ನು ನಂಬುವುದಿಲ್ಲ. ಎಲ್ಲರೂ ಬಹಿರಂಗವಾಗಿ ನಿಂತರೆ ಯುದ್ಧದ ಹುರುಪು ಜಾಸ್ತಿಯಾಗುತ್ತದೆ ಅನ್ನುವ ಲೆಕ್ಕಾಚಾರ ಇತ್ತು ಅನ್ನುತ್ತಾನೆ. ಏಳನೇ ವಯಸ್ಸಿನಿಂದ ಯುದ್ಧಕ್ಕೇ ತಯಾರಾದ ಗಂಡಸರ ನಡುವೆ, ಎಲ್ಲರ ಕಣ್ಣೆದುರು, 'ನನಗೆ ಯುದ್ಧ ಬೇಡ' ಅಂತ ನಡೆದು ಹೋಗಿ ಇನ್ನೊಂದು ಕಡೆ ನಿಲ್ಲುವುದು ಸುಮ್ನೆ ಮಾತಲ್ಲ. ದೊಡ್ಡ ಬಹುಮತದಿಂದ ಯುದ್ಧದ ಕಡೆಯವರು ಗೆದ್ದರು. ಆ ಯುದ್ಧ ಕ್ರಿ.ಪೂ. 431ರಲ್ಲಿ ಶುರುವಾಗಿ 404ರಲ್ಲಿ ಮುಗಿಯಿತು. ಮಕ್ಕಳ ತಲೆಗೆ ಬೀಳುತ್ತದೆ ಅಂದಿದ್ದ ರಾಜನ ಮಾತು ನಿಜವಾಯಿತು. ಅವನ ಮಗ ಏಜಿಸ್ ರಾಜನಾಗಿ ಅದೇ ಯುದ್ಧ ಮಾಡಿದ.

ಶಾಲೆಯಲ್ಲಿ ನಾವು ಈ ಎರಡು ಊರುಗಳನ್ನು ಹೇಗೆ ಓದಿದ್ದೇವೆ? ಅಥೆನ್ಸ್ ಅಂದರೆ ಪ್ರಜಾಪ್ರಭುತ್ವ, ತತ್ವಶಾಸ್ತ್ರ, ನಾಟಕ. ಸ್ಪಾರ್ಟಾ ಅಂದರೆ ಸೈನ್ಯ, ಶಿಸ್ತು. ತಪ್ಪೇನಿಲ್ಲ. ಆದರೆ ಇದರಿಂದ ಒಂದು ಊರು ಯಾಕೆ ಹಾಗಾಯಿತು, ಇನ್ನೊಂದು ಯಾಕೆ ಹೀಗಾಯಿತು ಅನ್ನುವುದು ಗೊತ್ತಾಗುವುದಿಲ್ಲ. ಎರಡೂ ಒಂದೇ ಭಾಷೆಯವು, ಒಂದೇ ದೇವರುಗಳವು. ನಡುವಿನ ದಾರಿ ಸುಮಾರು 240 ಕಿಲೋಮೀಟರ್ ಅಷ್ಟೇ. ಹಾಗಾಗಿ ನಾನು ಬೇರೆ ಒಂದು ಪ್ರಶ್ನೆ ಹಿಡಿದು ಹೊರಡುತ್ತೇನೆ. ಈ ಊರುಗಳು ತಮ್ಮ ನಿಯಮಗಳನ್ನು ಯಾರಿಗೆ ಹೆದರಿ ಮಾಡಿಕೊಂಡವು? ಅಥೆನ್ಸ್ ತನ್ನೊಳಗಿನ ದೊಡ್ಡ ಮನುಷ್ಯನಿಗೆ ಹೆದರಿತ್ತು. ಸ್ಪಾರ್ಟಾ ತನಗೆ ಅನ್ನ ಹಾಕುವ ರೈತನಿಗೆ ಹೆದರಿತ್ತು. ಈ ಎರಡು ಹೆದರಿಕೆಗಳನ್ನು ಇಟ್ಟುಕೊಂಡು ನೋಡಿದರೆ ವಿಚಿತ್ರ ಅನ್ನಿಸುವ ಎಷ್ಟೋ ಪದ್ಧತಿಗಳು ಅರ್ಥವಾಗುತ್ತವೆ.

ಮೊದಲು ಸ್ಪಾರ್ಟಾ.

ಸ್ಪಾರ್ಟಾ ಇರುವುದು ಯೂರೋಟಾಸ್ ನದಿಯ ಬಯಲಿನಲ್ಲಿ. ಪಶ್ಚಿಮಕ್ಕೆ ಟೈಜೆಟಸ್ ಬೆಟ್ಟಸಾಲು. ಬೆಟ್ಟದ ಆಚೆ ಮೆಸೀನಿಯಾ, ಒಳ್ಳೆಯ ಫಲವತ್ತಾದ ನೆಲ. ಕ್ರಿ.ಪೂ. 8 ಮತ್ತು 7ನೇ ಶತಮಾನಗಳಲ್ಲಿ ಸ್ಪಾರ್ಟಾದವರು ಆ ನೆಲವನ್ನು ಗೆದ್ದರು. ನೆಲದ ಜೊತೆಗೆ ಅಲ್ಲಿಯ ಜನರನ್ನೂ ಹಿಡಿದಿಟ್ಟುಕೊಂಡರು. ಇವರೇ ಹೆಲಟ್‌ಗಳು. ತಮ್ಮದೇ ಊರಿನಲ್ಲಿ, ತಮ್ಮದೇ ಹೊಲದಲ್ಲಿ ದುಡಿದು, ಬೆಳೆಯ ಪಾಲನ್ನು ಬೆಟ್ಟದ ಆಚೆಯ ಒಡೆಯನಿಗೆ ಕೊಡಬೇಕು. ಸ್ಪಾರ್ಟಾದ ಬಯಲಿನಲ್ಲೂ ಹೆಲಟ್‌ಗಳಿದ್ದರು. ಬೇರೆ ಗ್ರೀಕ್ ಊರುಗಳ ಗುಲಾಮರು ಬೇರೆ ಬೇರೆ ದೇಶದಿಂದ ಬಂದವರು, ಒಬ್ಬರ ಮಾತು ಒಬ್ಬರಿಗೆ ತಿಳಿಯದವರು. ಹೆಲಟ್‌ಗಳು ಹಾಗಲ್ಲ. ಗ್ರೀಕ್ ಮಾತಾಡುವ, ಕುಟುಂಬ ಇರುವ, ತಮ್ಮ ಸೋಲನ್ನು ನೆನಪಿಟ್ಟುಕೊಂಡ ಜನ. ಸಂಖ್ಯೆಯಲ್ಲಂತೂ ಒಡೆಯರಿಗಿಂತ ಎಷ್ಟೋ ಪಾಲು ಹೆಚ್ಚು. ಕ್ರಿ.ಪೂ. 479ರ ಪ್ಲಟೀಯಾ ಯುದ್ಧಕ್ಕೆ 5,000 ಸ್ಪಾರ್ಟಾ ನಾಗರಿಕರು ಹೋದಾಗ ಒಬ್ಬೊಬ್ಬರ ಜೊತೆ ಏಳು ಹೆಲಟ್‌ಗಳಿದ್ದರು ಅಂತ ಹೆರೊಡೊಟಸ್ ಬರೆಯುತ್ತಾನೆ. ಅಂದರೆ 35,000 ಜನ.

ಈಗ ಸ್ಪಾರ್ಟಾದ ಬದುಕನ್ನು ನೋಡಿ. ಗಂಡುಮಗುವಿಗೆ ಏಳು ವರ್ಷವಾದ ಮೇಲೆ ಅವನ ತರಬೇತಿ ಸರ್ಕಾರದ ಕೈಗೆ. ಬರಿಗಾಲು, ವರ್ಷಕ್ಕೆ ಒಂದೇ ಬಟ್ಟೆ, ಅರೆಹೊಟ್ಟೆ. ಹಸಿವಾದರೆ ಕದ್ದು ತಿನ್ನಬಹುದು, ಸಿಕ್ಕಿಬಿದ್ದರೆ ಏಟು. ಮದುವೆಯಾದ ಮೇಲೂ ಮೂವತ್ತು ವರ್ಷದವರೆಗೆ ಜೊತೆಯವರ ನಡುವೆಯೇ ಮಲಗಬೇಕು, ಹೆಂಡತಿಯನ್ನು ಕದ್ದುಮುಚ್ಚಿ ನೋಡಿ ಬರಬೇಕು. ರಾತ್ರಿ ಊಟ ಮನೆಯಲ್ಲಿ ಅಲ್ಲ. ಸುಮಾರು ಹದಿನೈದು ಗಂಡಸರ ಒಂದೊಂದು ಊಟದ ಗುಂಪು. ಹೊಸಬನನ್ನು ಸೇರಿಸಿಕೊಳ್ಳಬೇಕಾದರೆ ಎಲ್ಲರೂ ರೊಟ್ಟಿಯ ಉಂಡೆಯನ್ನು ಒಂದು ಪಾತ್ರೆಗೆ ಹಾಕುತ್ತಿದ್ದರಂತೆ. ಬೇಡ ಅನ್ನುವವನು ಉಂಡೆಯನ್ನು ಹಿಸುಕಿ ಚಪ್ಪಟೆ ಮಾಡಿ ಹಾಕುತ್ತಾನೆ. ಒಂದೇ ಒಂದು ಚಪ್ಪಟೆ ಉಂಡೆ ಬಿದ್ದರೂ ಆ ಗುಂಪಿನಲ್ಲಿ ಅವನಿಗೆ ಜಾಗ ಇಲ್ಲ. ಊಟದಲ್ಲಿ ಹಂದಿ ರಕ್ತದ ಕಪ್ಪು ಸಾರು. ಬೇರೆ ಗ್ರೀಕರು ಅದರ ಬಗ್ಗೆ ಮಾಡಿದ ತಮಾಷೆಗೆ ಲೆಕ್ಕವಿಲ್ಲ.

ಈ ಊಟಕ್ಕೆ ಪ್ರತಿಯೊಬ್ಬನೂ ತಿಂಗಳು ತಿಂಗಳು ತನ್ನ ಹೊಲದಿಂದ ಬಾರ್ಲಿ ಹಿಟ್ಟು, ದ್ರಾಕ್ಷಾರಸ, ಗಿಣ್ಣು, ಅಂಜೂರ ತಂದುಕೊಡಬೇಕು. ಕೊಡಲಾಗದಿದ್ದರೆ ಪೂರ್ಣ ನಾಗರಿಕತ್ವ ಹೋಯಿತು. ಹಾಸ್ಟೆಲಿನ ಮೆಸ್ ಬಿಲ್ ಕಟ್ಟದ ಹುಡುಗನ ಹೆಸರನ್ನು ಮತದಾರರ ಪಟ್ಟಿಯಿಂದಲೇ ಹೊಡೆದುಹಾಕಿದ ಹಾಗೆ. ಈ ನಿಯಮವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕೊನೆಗೆ ಸ್ಪಾರ್ಟಾವನ್ನು ಮುಳುಗಿಸಿದ್ದರಲ್ಲಿ ಇದರ ಪಾಲು ದೊಡ್ಡದು.

ಇಷ್ಟೆಲ್ಲ ಕಷ್ಟ ಯಾಕೆ? ಹೊರಗಿನ ಶತ್ರುವಿಗೆ ಹೆದರಿಯೇ? ಸ್ಪಾರ್ಟಾಕ್ಕೆ ಊರ ಸುತ್ತ ಗೋಡೆಯೇ ಇರಲಿಲ್ಲ. ನಮ್ಮ ಗಂಡಸರೇ ನಮ್ಮ ಗೋಡೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಹೆದರಿಕೆ ಮನೆಯ ಒಳಗಿತ್ತು. ಪ್ರತಿ ವರ್ಷ ಹೊಸ ಎಫರ್‌ಗಳು, ಅಂದರೆ ಊರಿನ ಮುಖ್ಯ ಅಧಿಕಾರಿಗಳು, ಅಧಿಕಾರಕ್ಕೆ ಬಂದ ಕೂಡಲೇ ಹೆಲಟ್‌ಗಳ ಮೇಲೆ ಯುದ್ಧ ಘೋಷಿಸುತ್ತಿದ್ದರು. ತಮ್ಮ ಹೊಲದಲ್ಲಿ ದುಡಿಯುವವರ ಮೇಲೆ, ವರ್ಷ ವರ್ಷವೂ! ಇದರ ಉದ್ದೇಶ ಸರಳ. ಯುದ್ಧ ನಡೆಯುತ್ತಿದೆ ಅಂದಮೇಲೆ ಹೆಲಟ್‌ನನ್ನು ಕೊಂದರೆ ಪಾಪ ಅಂಟುವುದಿಲ್ಲ. ಆಯ್ದ ಯುವಕರು ಕತ್ತಿ ಹಿಡಿದು ಹಗಲೆಲ್ಲ ಅಡಗಿದ್ದು, ರಾತ್ರಿ ಹೊರಬಂದು ಗಟ್ಟಿಮುಟ್ಟಾದ ಹೆಲಟ್‌ಗಳನ್ನು ಮುಗಿಸುತ್ತಿದ್ದರು ಅಂತ ಪ್ಲುಟಾರ್ಕ್ ಬರೆದಿದ್ದಾನೆ.

ಕ್ರಿ.ಪೂ. 464ರಲ್ಲಿ ದೊಡ್ಡ ಭೂಕಂಪವಾಯಿತು. ಹೆಲಟ್‌ಗಳು ದಂಗೆ ಎದ್ದು ಇಥೋಮೆ ಬೆಟ್ಟ ಹಿಡಿದು ಕೂತರು. ಸ್ಪಾರ್ಟಾ ಅಥೆನ್ಸ್‌ನ ಸಹಾಯ ಕೇಳಿತು. ಅಥೆನ್ಸ್‌ನ ಸೇನಾಪತಿ ಕೀಮೋನ್ ಸೈನ್ಯ ತೆಗೆದುಕೊಂಡು ಹೋದ. ಹೋದ ಮೇಲೆ ಸ್ಪಾರ್ಟಾದವರಿಗೆ ಅನುಮಾನ ಶುರುವಾಯಿತು. ಈ ಅಥೆನ್ಸ್‌ನವರ ತಲೆಯಲ್ಲಿ ಏನೇನೋ ಹೊಸ ಯೋಚನೆಗಳಿವೆ, ಎಲ್ಲಿ ದಂಗೆಕೋರರ ಜೊತೆ ಸೇರಿಬಿಡುತ್ತಾರೋ ಅಂತ. ಮಿತ್ರರೆಲ್ಲರಲ್ಲಿ ಅಥೆನ್ಸ್‌ನವರನ್ನು ಮಾತ್ರ ವಾಪಸ್ ಕಳಿಸಿದರು. ಕರೆಸಿಕೊಂಡು ಹೀಗೆ ಕಳಿಸಿದ ಅವಮಾನವನ್ನು ಅಥೆನ್ಸ್ ಮರೆಯಲಿಲ್ಲ. ಕೀಮೋನ್ ಕೂಡ ಅದರ ಬೆಲೆ ತೆತ್ತ, ಅವನನ್ನು ಊರು ಬಿಟ್ಟು ಕಳಿಸಿದರು.

ಇದಕ್ಕಿಂತ ಭಯಂಕರವಾದದ್ದು ಇನ್ನೊಂದಿದೆ. ನಿಮ್ಮಲ್ಲಿ ಯಾರು ಯುದ್ಧದಲ್ಲಿ ಹೆಚ್ಚು ಸಾಹಸ ತೋರಿಸಿದ್ದೀರೋ ಅವರನ್ನು ನೀವೇ ಆರಿಸಿ, ಸ್ವಾತಂತ್ರ್ಯ ಕೊಡುತ್ತೇವೆ ಅಂತ ಒಮ್ಮೆ ಹೆಲಟ್‌ಗಳಿಗೆ ಹೇಳಿದರು. ಸುಮಾರು 2,000 ಜನ ಆಯ್ಕೆಯಾದರು. ತಲೆಗೆ ಹೂಮಾಲೆ ಸುತ್ತಿಕೊಂಡು, ಬಿಡುಗಡೆಯಾಯಿತು ಅಂತ ದೇವಸ್ಥಾನಗಳಿಗೆ ಪ್ರದಕ್ಷಿಣೆ ಬಂದರು. ಕೆಲವೇ ದಿನಗಳಲ್ಲಿ ಅಷ್ಟೂ ಜನ ಮಾಯ. ಒಬ್ಬೊಬ್ಬರೂ ಹೇಗೆ ಸತ್ತರು ಅನ್ನುವುದು ಯಾರಿಗೂ ಗೊತ್ತಾಗಲಿಲ್ಲ ಅಂತ ಥುಸಿಡಿಡೀಸ್ ತಣ್ಣಗೆ ಬರೆಯುತ್ತಾನೆ. ಸ್ವಾತಂತ್ರ್ಯಕ್ಕೆ ಮೊದಲು ಮುಂದೆ ಬರುವವನೇ ದಂಗೆಗೂ ಮೊದಲು ಏಳುವವನು ಅನ್ನುವುದು ಅವರ ಲೆಕ್ಕ. ನಾನು ಸ್ಪಾರ್ಟಾದ ಶಿಸ್ತಿನ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಈ ಹೂಮಾಲೆಗಳೇ ನೆನಪಾಗುತ್ತವೆ.

ಸರ್ಕಾರದ ರಚನೆ ಮಾತ್ರ ಜಾಣತನದ್ದು. ಒಬ್ಬನಲ್ಲ, ಇಬ್ಬರು ರಾಜರು, ಎರಡು ಬೇರೆ ಬೇರೆ ವಂಶದವರು. ಒಬ್ಬರ ಮೇಲೊಬ್ಬರಿಗೆ ಸದಾ ಕಣ್ಣು. ಅರವತ್ತು ದಾಟಿದ 28 ಹಿರಿಯರು ಮತ್ತು ಈ ಇಬ್ಬರು ರಾಜರು ಸೇರಿ ಹಿರಿಯರ ಮಂಡಲಿ. ಹಿರಿಯರದ್ದು ಸಾಯುವವರೆಗೂ ಇರುವ ಹುದ್ದೆ. ಅವರ ಆಯ್ಕೆಯೂ ಕೂಗಿನಿಂದಲೇ. ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಸಭೆಯ ಮುಂದೆ ಹಾದುಹೋಗುತ್ತಾರೆ. ಪಕ್ಕದ ಕೋಣೆಯಲ್ಲಿ, ಯಾರು ಹೋಗುತ್ತಿದ್ದಾರೆ ಅಂತ ಕಾಣದ ಹಾಗೆ ಕೂತವರು, ಎಷ್ಟನೆಯವನಿಗೆ ಕೂಗು ಜೋರು ಅಂತ ಬರೆದುಕೊಳ್ಳುತ್ತಾರೆ. ಇದು ಮಕ್ಕಳಾಟ ಅಂತ ಅರಿಸ್ಟಾಟಲ್ ಮೂಗು ಮುರಿದಿದ್ದಾನೆ. ಇವರೆಲ್ಲರ ಜೊತೆಗೆ ವರ್ಷಕ್ಕೊಮ್ಮೆ ಆರಿಸಿಬರುವ ಐದು ಎಫರ್‌ಗಳು. ಸಾಮಾನ್ಯ ನಾಗರಿಕನೂ ಎಫರ್ ಆಗಬಹುದು. ಆದರೆ ಅವರ ಅಧಿಕಾರ ನೋಡಿ: ರಾಜನಿಗೇ ದಂಡ ಹಾಕಬಹುದು, ಅವನನ್ನೇ ವಿಚಾರಣೆಗೆ ಎಳೆಯಬಹುದು. ಆಗಲೇ ಹೇಳಿದ ಆರ್ಕಿಡೇಮಸ್‌ಗೆ ಕುಳ್ಳಗಿನ ಹೆಂಗಸನ್ನು ಮದುವೆಯಾದದ್ದಕ್ಕೆ ದಂಡ ಹಾಕಿದ್ದರು, ಇವಳಿಂದ ನಮಗೆ ರಾಜರು ಹುಟ್ಟುವುದಿಲ್ಲ, ಮರಿರಾಜರು ಹುಟ್ಟುತ್ತಾರೆ ಅಂದರು ಅನ್ನುವ ಕಥೆಯೂ ಇದೆ. ತಿಂಗಳಿಗೊಮ್ಮೆ ರಾಜರು ಕಾನೂನಿನ ಪ್ರಕಾರ ಆಳುತ್ತೇವೆ ಅಂತ ಪ್ರಮಾಣ ಮಾಡಬೇಕು. ನೀವು ಮಾತು ಉಳಿಸಿಕೊಂಡರೆ ನಿಮ್ಮ ಸಿಂಹಾಸನ ಅಲುಗದಂತೆ ನೋಡಿಕೊಳ್ಳುತ್ತೇವೆ ಅಂತ ಎಫರ್‌ಗಳು ಪ್ರಮಾಣ ಮಾಡಬೇಕು. ಎಷ್ಟು ಅನುಮಾನ ನೋಡಿ, ತಿಂಗಳಿಗೊಂದು ಸಲ!

ಇನ್ನು ಅಥೆನ್ಸ್.

ಅಥೆನ್ಸ್‌ನ ಹೆದರಿಕೆಗೆ ಒಂದು ಮುಖ ಇದೆ, ಪಿಸಿಸ್ಟ್ರಾಟಸ್. ಕ್ರಿ.ಪೂ. 6ನೇ ಶತಮಾನದವನು. ಒಂದು ಸಲ ತನ್ನ ಮೈಮೇಲೆ ತಾನೇ ಗಾಯ ಮಾಡಿಕೊಂಡು ಬಂದು, ವೈರಿಗಳು ಹೊಡೆದರು ಅಂತ ಅತ್ತು, ಅಂಗರಕ್ಷಕರನ್ನು ಪಡೆದು, ಅವರನ್ನೇ ಬಳಸಿ ಕೋಟೆ ಹಿಡಿದ. ಓಡಿಸಿದರು. ಇನ್ನೊಂದು ಸಲ ಎತ್ತರದ ಚೆಲುವೆಯೊಬ್ಬಳಿಗೆ ಅಥೀನಾ ದೇವಿಯ ವೇಷ ಹಾಕಿ ರಥದಲ್ಲಿ ನಿಲ್ಲಿಸಿ, ದೇವಿಯೇ ನನ್ನನ್ನು ಕರೆತರುತ್ತಿದ್ದಾಳೆ ಅಂತ ಊರೊಳಗೆ ಬಂದ. ಜನ ಕೈಮುಗಿದರು. ಇಷ್ಟು ಬುದ್ಧಿವಂತರು ಅನ್ನಿಸಿಕೊಂಡವರು ಇಷ್ಟು ಸುಲಭವಾಗಿ ಹೇಗೆ ಮೋಸಹೋದರು ಅಂತ ಹೆರೊಡೊಟಸ್‌ಗೇ ಆಶ್ಚರ್ಯ. ನಮಗೇನೂ ಆಶ್ಚರ್ಯ ಆಗುವುದಿಲ್ಲ, ಅಲ್ವಾ? ಅವನೇನೂ ಕೆಟ್ಟ ಆಡಳಿತ ಮಾಡಲಿಲ್ಲ. ಮಗ ಹಿಪ್ಪಿಯಸ್ ಮಾತ್ರ ಕ್ರೂರಿಯಾದ. ಅವನನ್ನು ಕ್ರಿ.ಪೂ. 510ರಲ್ಲಿ ಓಡಿಸಿದ್ದು ಯಾರ ಸೈನ್ಯ? ಸ್ಪಾರ್ಟಾದ್ದು. ಅಥೆನ್ಸ್‌ನ ಪ್ರಜಾಪ್ರಭುತ್ವಕ್ಕೆ ದಾರಿ ಬಿಡಿಸಿಕೊಟ್ಟವರಲ್ಲಿ ಸ್ಪಾರ್ಟಾದ ರಾಜ ಕ್ಲಿಯೊಮೀನಿಸ್ ಕೂಡ ಒಬ್ಬ. ಆಮೇಲೆ ಅವನು ಪಶ್ಚಾತ್ತಾಪಪಟ್ಟ.

ಎರಡು ವರ್ಷದ ಬಳಿಕ ಕ್ಲಿಸ್ಥೆನಿಸ್ ಇಡೀ ಅಟ್ಟಿಕಾ ಪ್ರದೇಶದ ಜನರನ್ನು ಹತ್ತು ಹೊಸ ಗುಂಪುಗಳಾಗಿ ಹಂಚಿದ. ಒಂದೊಂದು ಗುಂಪಿನಲ್ಲೂ ಕರಾವಳಿಯವರು, ಒಳನಾಡಿನವರು, ಪಟ್ಟಣದವರು ಕಡ್ಡಾಯವಾಗಿ ಸೇರಿರಬೇಕು. ಹಳೆಯ ಮನೆತನಗಳು ತಮ್ಮ ಊರು, ತಮ್ಮ ಜನ ಅಂತ ಹಿಡಿದಿಟ್ಟುಕೊಂಡಿದ್ದ ಬಲ ಇದರಿಂದ ಸಡಿಲವಾಯಿತು. ಗುಂಪಿಗೆ 50ರಂತೆ 500 ಜನರ ಸಮಿತಿ. ಆಯ್ಕೆ ಚೀಟಿ ಎತ್ತಿ! ವರ್ಷಕ್ಕೊಮ್ಮೆ ಬದಲು, ಒಬ್ಬ ತನ್ನ ಜೀವನದಲ್ಲಿ ಎರಡೇ ಸಲ ಇರಬಹುದು. ಈ 500ರಲ್ಲಿ 50 ಜನ ವರ್ಷದ ಹತ್ತನೇ ಒಂದು ಭಾಗ ದಿನನಿತ್ಯದ ಕೆಲಸ ನೋಡಬೇಕು. ಅವರಲ್ಲಿ ಒಬ್ಬ ಒಂದು ದಿನದ ಮಟ್ಟಿಗೆ ಅಧ್ಯಕ್ಷ, ಅದೂ ಚೀಟಿಯಿಂದ. ಆ ಒಂದು ಹಗಲು ಒಂದು ರಾತ್ರಿ ಖಜಾನೆಯ ಬೀಗದ ಕೈ, ರಾಜ್ಯದ ಮುದ್ರೆ ಎರಡೂ ಅವನ ಹತ್ತಿರ. ಮರುದಿನ ಇನ್ನೊಬ್ಬ. ಆ ಕೈಗೆ ಮತ್ತೆ ಜನ್ಮದಲ್ಲಿ ಬೀಗದ ಕೈ ಬರುವುದಿಲ್ಲ.

ನಮಗೆ ಚುನಾವಣೆ ಅಂದರೆ ಪ್ರಜಾಪ್ರಭುತ್ವ. ಅವರಿಗೆ ಹಾಗಲ್ಲ. ಚುನಾವಣೆ ಇಟ್ಟರೆ ಹೆಸರಿದ್ದವನು, ದುಡ್ಡಿದ್ದವನು, ಚೆನ್ನಾಗಿ ಮಾತಾಡುವವನು ಗೆಲ್ಲುತ್ತಾನೆ, ಆದ್ದರಿಂದ ಅದು ಶ್ರೀಮಂತರ ಪದ್ಧತಿ ಅನ್ನುವ ಅಭಿಪ್ರಾಯ ಅವರದ್ದು. ಎಲ್ಲದಕ್ಕೂ ಚೀಟಿ ಇರಲಿಲ್ಲ ಅನ್ನಿ. ಹತ್ತು ಜನ ಸೇನಾಪತಿಗಳನ್ನು ಮಾತ್ರ ಕೈ ಎತ್ತಿಸಿ ಆರಿಸುತ್ತಿದ್ದರು, ಎಷ್ಟು ಸಲ ಬೇಕಾದರೂ ಆರಿಸಬಹುದಿತ್ತು. ಯುದ್ಧ ಸೋತರೆ ಚೀಟಿಯನ್ನು ದೂರಿ ಏನು ಪ್ರಯೋಜನ? ಪೆರಿಕ್ಲಿಸ್ ಅಷ್ಟು ವರ್ಷ ಪ್ರಭಾವ ಇಟ್ಟುಕೊಂಡದ್ದು ಇದೇ ಹುದ್ದೆಯಿಂದ. ಅಂಥವನನ್ನೂ ಕ್ರಿ.ಪೂ. 430ರಲ್ಲಿ ಹುದ್ದೆಯಿಂದ ಇಳಿಸಿ ದಂಡ ಹಾಕಿದರು. ಸ್ವಲ್ಪ ದಿನಕ್ಕೆ ಮತ್ತೆ ಆರಿಸಿದರು.

ದೊಡ್ಡ ಮನುಷ್ಯನ ಭಯಕ್ಕೆ ಅವರು ಕಂಡುಕೊಂಡ ಇನ್ನೊಂದು ಮದ್ದು ಮಡಕೆ ಚೂರು. ಯಾರನ್ನಾದರೂ ಊರು ಬಿಡಿಸಬೇಕೇ ಅಂತ ವರ್ಷಕ್ಕೊಮ್ಮೆ ಸಭೆಯನ್ನು ಕೇಳುತ್ತಾರೆ. ಹೌದು ಅಂದರೆ, ನಿಗದಿಯಾದ ದಿನ ಎಲ್ಲರೂ ಒಂದೊಂದು ಬೋಕಿ ಚೂರಿನ ಮೇಲೆ ಒಂದು ಹೆಸರು ಗೀಚಿ ಹಾಕುತ್ತಾರೆ. 6,000 ಚೂರು ಬೀಳಬೇಕು. ಹೆಚ್ಚು ಸಲ ಹೆಸರು ಬಂದವನು ಹತ್ತು ವರ್ಷ ಊರು ಬಿಡಬೇಕು. ಆರೋಪ ಇಲ್ಲ, ವಿಚಾರಣೆ ಇಲ್ಲ. ಆದರೆ ಅವನ ಆಸ್ತಿ ಮುಟ್ಟುವುದಿಲ್ಲ, ಹತ್ತು ವರ್ಷದ ಮೇಲೆ ಬಂದು ಮೊದಲಿನಂತೆ ಇರಬಹುದು. ಮೊದಲ ಸಲ ಇದನ್ನು ಬಳಸಿದ್ದು ಕ್ರಿ.ಪೂ. 487ರಲ್ಲಿ, ಪಿಸಿಸ್ಟ್ರಾಟಸ್‌ನ ಸಂಬಂಧಿಯೊಬ್ಬನ ಮೇಲೆ. ಪರ್ಷಿಯನ್ನರಿಂದ ಗ್ರೀಸನ್ನು ಉಳಿಸಿದ ಥೆಮಿಸ್ಟೊಕ್ಲಿಸ್‌ನನ್ನೂ ಹೀಗೇ ಕಳಿಸಿದರು. ಆಕ್ರೊಪೊಲಿಸ್‌ನ ಉತ್ತರದ ಇಳಿಜಾರಿನ ಒಂದು ಬಾವಿಯಲ್ಲಿ ಅವನ ಹೆಸರಿದ್ದ ಸುಮಾರು 190 ಚೂರುಗಳು ಸಿಕ್ಕಿವೆ. ಕೈಬರಹ ನೋಡಿದರೆ ಬರೆದವರು ಹದಿನಾಲ್ಕೇ ಜನ! ಅಂದರೆ ಅವನಿಗೆ ಆಗದವರು ಮೊದಲೇ ಬರೆದಿಟ್ಟು, ಬಂದವರ ಕೈಗೆ ಹಂಚಲು ತಯಾರಾಗಿದ್ದರು. ಮತದಾನದ ದಿನದ ಕರಾಮತ್ತು ಎಷ್ಟು ಹಳೆಯದು ನೋಡಿ.

ನ್ಯಾಯಾಲಯದಲ್ಲಿ ವೃತ್ತಿ ನ್ಯಾಯಾಧೀಶರಿಲ್ಲ, ವಕೀಲರಿಲ್ಲ. ವರ್ಷಕ್ಕೆ 6,000 ಜನರ ಪಟ್ಟಿ. ಒಂದೊಂದು ಪ್ರಕರಣಕ್ಕೆ 201, 501 ಅಂತ ಜನ ಕೂರುತ್ತಾರೆ. ಪೆರಿಕ್ಲಿಸ್ ಅವರಿಗೆ ದಿನಕ್ಕೆ ಎರಡು ಓಬಲ್ ಕೂಲಿ ಕೊಡಿಸಿದ, ಕ್ಲಿಯೋನ್ ಅದನ್ನು ಮೂರು ಮಾಡಿದ. ಆರು ಓಬಲ್‌ಗೆ ಒಂದು ಡ್ರಾಕ್ಮಾ, ಅದು ಆ ಶತಮಾನದ ಕೊನೆಗೆ ಒಳ್ಳೆಯ ಕೆಲಸಗಾರನ ದಿನಗೂಲಿ. ಅಂದರೆ ಅರ್ಧ ಕೂಲಿ. ಬಡವನೂ ಬಂದು ಕೂರಲಿ ಅಂತ. ಮಾತಾಡುವವರ ಸಮಯಕ್ಕೆ ನೀರಿನ ಗಡಿಯಾರ, ತಳದಲ್ಲಿ ತೂತಿರುವ ಮಣ್ಣಿನ ಪಾತ್ರೆ. ಅಗೆತದಲ್ಲಿ ಸಿಕ್ಕಿರುವ ಒಂದು ಪಾತ್ರೆ ಖಾಲಿಯಾಗಲು ಸುಮಾರು ಆರು ನಿಮಿಷ ಹಿಡಿಯುತ್ತದೆ. ನನ್ನಂಥ ಉಪನ್ಯಾಸಕರಿಗೂ ಒಂದು ಇಟ್ಟರೆ ಒಳ್ಳೆಯದು.

ಬಡವರ ಬಲ ಎಲ್ಲಿಂದ ಬಂತು? ಬರೀ ಒಳ್ಳೆಯ ವಿಚಾರದಿಂದ ಅಲ್ಲ. ಕ್ರಿ.ಪೂ. 483ರಲ್ಲಿ ಲಾರಿಯಮ್‌ನ ಬೆಳ್ಳಿ ಗಣಿಯಲ್ಲಿ ಹೊಸ ಬೆಳ್ಳಿ ಸಿಕ್ಕಿತು. ತಲೆಗೆ ಹತ್ತು ಡ್ರಾಕ್ಮಾದಂತೆ ಹಂಚಿಕೊಳ್ಳೋಣ ಅಂತ ಜನ ಹೊರಟಿದ್ದರು. ಬೇಡ, ಹಡಗು ಕಟ್ಟೋಣ ಅಂತ ಒಪ್ಪಿಸಿದವನು ಥೆಮಿಸ್ಟೊಕ್ಲಿಸ್. ಒಂದು ಯುದ್ಧ ಹಡಗಿಗೆ 170 ಹುಟ್ಟು ಹಾಕುವವರು. ಕವಚ, ಈಟಿ ಕೊಳ್ಳಲು ದುಡ್ಡಿಲ್ಲದ ಬಡ ನಾಗರಿಕ ಅಲ್ಲಿ ಕೂತ. ಊರನ್ನು ಕಾಯುವವನು ಅವನೇ ಆದ ಮೇಲೆ ಅವನ ಮಾತಿಗೆ ಬೆಲೆ ಕೊಡದೆ ದಾರಿ ಇರಲಿಲ್ಲ. ಆ ಬೆಳ್ಳಿಯನ್ನು ಅಗೆದವರು ಮಾತ್ರ ಗುಲಾಮರು. ಇಕ್ಕಟ್ಟಾದ ಸುರಂಗಗಳಲ್ಲಿ ತೆವಳಿಕೊಂಡು ಅಗೆಯಬೇಕು. ಅವರನ್ನು ಯಾವ ಸಭೆಯೂ ಕೇಳಲಿಲ್ಲ.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಅಥೆನ್ಸ್‌ನಲ್ಲಿ 'ಜನ' ಅಂದರೆ ವಯಸ್ಕ ಗಂಡಸು, ಅದೂ ನಾಗರಿಕ. ಕ್ರಿ.ಪೂ. 451ರಲ್ಲಿ ಪೆರಿಕ್ಲಿಸ್ ತಂದ ಕಾನೂನಿನ ಪ್ರಕಾರ ಅಪ್ಪ ಅಮ್ಮ ಇಬ್ಬರೂ ಅಥೆನ್ಸ್‌ನವರಾಗಿರಬೇಕು. ಹೊರಗಿನಿಂದ ಬಂದು ತಲೆಮಾರುಗಟ್ಟಲೆ ಅಲ್ಲೇ ನೆಲೆಸಿದವರು ವರ್ಷಕ್ಕೆ 12 ಡ್ರಾಕ್ಮಾ ತಲೆಗಂದಾಯ ಕಟ್ಟಿ, ಸೈನ್ಯಕ್ಕೂ ಹೋಗಿ, ಮತವಿಲ್ಲದೆ ಬದುಕಬೇಕು. ಹೆಂಗಸರಿಗೆ ಯಾವಾಗಲೂ ಒಬ್ಬ ಗಂಡಸಿನ ಪಾಲನೆ: ಅಪ್ಪ, ಗಂಡ, ಇಲ್ಲವೇ ಮಗ. ಒಂದು ಅಳತೆ ಬಾರ್ಲಿಯ ಬೆಲೆಗಿಂತ ಹೆಚ್ಚಿನ ವ್ಯವಹಾರವನ್ನು ಅವರು ಸ್ವಂತವಾಗಿ ಮಾಡುವಂತಿಲ್ಲ.

ಸ್ಪಾರ್ಟಾದ ನಾಗರಿಕ ಹೆಂಗಸರ ಪಾಡು ಇದಕ್ಕಿಂತ ಎಷ್ಟೋ ಮೇಲು. ಹುಡುಗಿಯರು ಓಡುತ್ತಿದ್ದರು, ಕುಸ್ತಿ ಮಾಡುತ್ತಿದ್ದರು, ಬಯಲಿನಲ್ಲಿ ಹಾಡಿ ಕುಣಿಯುತ್ತಿದ್ದರು. ಮದುವೆ ತಡವಾಗಿ. ನೆಲ ಅವರ ಹೆಸರಿನಲ್ಲಿರಬಹುದು. ಅರಿಸ್ಟಾಟಲ್ ಕಾಲಕ್ಕೆ ಸ್ಪಾರ್ಟಾದ ನೆಲದಲ್ಲಿ ಐದರಲ್ಲಿ ಎರಡು ಪಾಲು ಹೆಂಗಸರದ್ದಂತೆ. ಅವನು ಇದನ್ನು ದೂರಾಗಿ ಬರೆದಿದ್ದಾನೆ, ನಾವು ಬೇರೆ ಥರ ಓದಬಹುದು. ಕ್ರಿ.ಪೂ. 396ರಲ್ಲಿ ರಾಜನ ತಂಗಿ ಕಿನಿಸ್ಕಾಳ ಕುದುರೆಗಳು ಒಲಿಂಪಿಕ್ಸ್ ರಥದ ಓಟ ಗೆದ್ದವು. ನನ್ನ ಅಪ್ಪಂದಿರು, ಅಣ್ಣಂದಿರು ಸ್ಪಾರ್ಟಾದ ರಾಜರು, ಇಡೀ ಗ್ರೀಸಿನಲ್ಲಿ ಈ ಕಿರೀಟ ಗೆದ್ದ ಹೆಣ್ಣು ನಾನೊಬ್ಬಳೇ ಅಂತ ಕಲ್ಲಿನಲ್ಲಿ ಕೆತ್ತಿಸಿದಳು. ಇಷ್ಟೆಲ್ಲ ಸ್ವಾತಂತ್ರ್ಯ ಇದ್ದದ್ದು ಯಾಕೆ? ನೂಲು, ನೇಯ್ಗೆ, ಅಡುಗೆ ಎಲ್ಲವೂ ಹೆಲಟ್ ಹೆಂಗಸರ ಪಾಲಿಗಿತ್ತು. ಆ ಹೆಂಗಸರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ಹಾಗಾದರೆ ಯಾವುದು ಮೇಲು? ಎರಡೂ ಕ್ರೂರವೇ ಅಂತ ಹೇಳಿ ಕೈತೊಳೆದುಕೊಳ್ಳಲು ನನಗೆ ಇಷ್ಟವಿಲ್ಲ. ವ್ಯತ್ಯಾಸ ಇತ್ತು. ಅದನ್ನು ತೋರಿಸಲು ಮೂರು ಘಟನೆ ಹೇಳುತ್ತೇನೆ.

ಕ್ರಿ.ಪೂ. 427. ಮಿಟಿಲೀನಿ ಅನ್ನುವ ಮಿತ್ರ ಊರು ಅಥೆನ್ಸ್ ವಿರುದ್ಧ ತಿರುಗಿಬಿದ್ದು ಸೋತಿತ್ತು. ಅಲ್ಲಿಯ ಗಂಡಸರನ್ನೆಲ್ಲ ಕೊಲ್ಲಿ, ಹೆಂಗಸರು ಮಕ್ಕಳನ್ನು ಮಾರಿ ಅಂತ ಅಥೆನ್ಸ್‌ನ ಸಭೆ ಸಿಟ್ಟಿನಲ್ಲಿ ತೀರ್ಮಾನಿಸಿತು. ಹಡಗು ಹೊರಟಿತು. ರಾತ್ರಿ ಕಳೆಯಿತು. ಬೆಳಿಗ್ಗೆ ಜನರಿಗೇ, ಛೆ, ಇದು ಅತಿಯಾಯಿತು ಅನ್ನಿಸಿತು. ಮತ್ತೆ ಸಭೆ. ತೀರ್ಮಾನ ಬದಲಿಸಬಾರದು ಅಂತ ಕ್ಲಿಯೋನ್. ಕೊಂದರೆ ನಮಗೇ ನಷ್ಟ ಅಂತ ಡಯೊಡೊಟಸ್. ಕೈಗಳ ಎಣಿಕೆ ಹೆಚ್ಚುಕಮ್ಮಿ ಸಮ. ಕೂದಲೆಳೆಯಲ್ಲಿ ಡಯೊಡೊಟಸ್ ಗೆದ್ದ. ಎರಡನೇ ಹಡಗು ಹೊರಟಿತು, ಮೊದಲಿನದಕ್ಕಿಂತ ಒಂದು ಹಗಲು ಒಂದು ರಾತ್ರಿ ತಡವಾಗಿ. ಹುಟ್ಟು ಹಾಕುತ್ತಲೇ ದ್ರಾಕ್ಷಾರಸ, ಎಣ್ಣೆಯಲ್ಲಿ ಕಲೆಸಿದ ಬಾರ್ಲಿ ಹಿಟ್ಟು ತಿಂದರು, ಸರದಿಯ ಮೇಲೆ ಮಲಗಿದರು. ಸೇನಾಪತಿ ಮೊದಲ ಆಜ್ಞೆ ಓದಿ ಮುಗಿಸಿದ್ದ, ಕೊಲ್ಲುವುದು ಇನ್ನೂ ಶುರುವಾಗಿರಲಿಲ್ಲ. ಊರು ಉಳಿಯಿತು. ಮುಖಂಡರು ಅಂತ ಹಿಡಿದ ಸಾವಿರಕ್ಕೂ ಹೆಚ್ಚು ಜನರನ್ನು ಆಮೇಲೆ ಕೊಂದೇಬಿಟ್ಟರು ಅನ್ನುವುದನ್ನೂ ಹೇಳಬೇಕು. ಹನ್ನೊಂದು ವರ್ಷದ ಮೇಲೆ ಮೀಲೋಸ್ ದ್ವೀಪದವರ ಮೇಲೂ ಇಂಥದ್ದೇ ತೀರ್ಮಾನವಾಯಿತು, ಅಲ್ಲಿಗೆ ಎರಡನೇ ಹಡಗು ಹೋಗಲೇ ಇಲ್ಲ.

ಎರಡನೆಯದು ಕ್ರಿ.ಪೂ. 406. ಆರ್ಗಿನೂಸೆ ಹತ್ತಿರದ ನೌಕಾಯುದ್ಧದಲ್ಲಿ ಅಥೆನ್ಸ್ ಗೆದ್ದಿತು. ಆದರೆ ಬಿರುಗಾಳಿಯಿಂದ ಮುಳುಗುತ್ತಿದ್ದವರನ್ನು ಎತ್ತಿಕೊಳ್ಳಲು ಆಗಲಿಲ್ಲ. ಸಿಟ್ಟಿಗೆದ್ದ ಸಭೆ ಸೇನಾಪತಿಗಳನ್ನೆಲ್ಲ ಒಟ್ಟಿಗೆ ಒಂದೇ ಮತದಲ್ಲಿ ಮುಗಿಸಲು ಹೊರಟಿತು. ಅದು ಕಾನೂನಿಗೆ ವಿರುದ್ಧ. ಆ ವರ್ಷ ಸಮಿತಿಯಲ್ಲಿದ್ದ ಸಾಕ್ರೆಟಿಸ್ ಇದಕ್ಕೆ ಒಪ್ಪಲಿಲ್ಲ. ಯಾರೂ ಕೇಳಲಿಲ್ಲ. ಊರಿಗೆ ಮರಳಿದ್ದ ಆರು ಜನರನ್ನು ಕೊಂದರು. ಅವರಲ್ಲಿ ಒಬ್ಬ ಪೆರಿಕ್ಲಿಸ್‌ನ ಮಗ. ಅವನ ತಾಯಿ ಅಸ್ಪೇಸಿಯಾ ಮಿಲೆಟಸ್‌ನವಳು. ಅಪ್ಪನ ಕಾನೂನಿನ ಪ್ರಕಾರ ಅವನು ನಾಗರಿಕನೇ ಆಗುವಂತಿರಲಿಲ್ಲ. ಬೇರೆ ಗಂಡುಮಕ್ಕಳು ಸಾಂಕ್ರಾಮಿಕ ರೋಗಕ್ಕೆ ಸತ್ತ ಮೇಲೆ, ಪೆರಿಕ್ಲಿಸ್ ಬೇಡಿಕೊಂಡಾಗ, ಸಭೆ ಕನಿಕರಪಟ್ಟು ನಾಗರಿಕತ್ವ ಕೊಟ್ಟಿತ್ತು. ಸ್ವಲ್ಪ ದಿನದಲ್ಲೇ ಜನ ತಾವು ಮಾಡಿದ್ದಕ್ಕೆ ಪಶ್ಚಾತ್ತಾಪಪಟ್ಟರು. ಈ ಸಲ ಹಡಗು ಅಟ್ಟಿ ತಡೆಯುವಂತಿರಲಿಲ್ಲ.

ಮೂರನೆಯದು ಸ್ಪಾರ್ಟಾದ್ದು. ಕ್ರಿ.ಪೂ. 425ರಲ್ಲಿ ಸ್ಫಾಕ್ಟೀರಿಯಾ ದ್ವೀಪದಲ್ಲಿ ಅವರ 292 ಸೈನಿಕರು ಶರಣಾದರು. ಗ್ರೀಸೇ ಬೆರಗಾಯಿತು. ಅವರಲ್ಲಿ ಪೂರ್ಣ ನಾಗರಿಕರು ಸುಮಾರು 120. ಆ 120 ಜನರಿಗಾಗಿ ಸ್ಪಾರ್ಟಾ ಮತ್ತೆ ಮತ್ತೆ ಶಾಂತಿ ಕೇಳಿತು. ಅವತ್ತು ಕಸಿದುಕೊಂಡ ಕಂಚಿನ ಗುರಾಣಿಯೊಂದು ಇವತ್ತಿಗೂ ಅಥೆನ್ಸ್‌ನ ಅಗೋರಾ ಮ್ಯೂಸಿಯಂನಲ್ಲಿದೆ. 120 ಜನ ಯಾಕೆ ಅಷ್ಟು ದುಬಾರಿ? ಜನ ಕಮ್ಮಿಯಾಗುತ್ತಿದ್ದರು. ಕ್ರಿ.ಪೂ. 480ರಲ್ಲಿ ಸ್ಪಾರ್ಟಾದ ನಾಗರಿಕ ಗಂಡಸರು 8,000 ಅಂತ ಹೆರೊಡೊಟಸ್ ಲೆಕ್ಕ. ಅರಿಸ್ಟಾಟಲ್ ಹೊತ್ತಿಗೆ ಸಾವಿರವೂ ಇಲ್ಲ. ನೆಲ ಕೆಲವರ ಕೈ ಸೇರಿತು, ಊಟದ ಪಾಲು ಕೊಡಲಾಗದವರ ಹೆಸರು ಹೋಯಿತು. ಹೊಸಬರನ್ನು ಸೇರಿಸಿಕೊಳ್ಳುವ ಮನಸ್ಸು ಅವರಿಗಿರಲಿಲ್ಲ. ಇದು ಎಲ್ಲರ ಕಣ್ಣೆದುರಿಗೇ ನಡೆಯಿತು. ನಿಯಮ ಬದಲಿಸೋಣ ಅಂತ ಎದ್ದು ನಿಂತು ಹೇಳುವ ಜಾಗ ಆ ಊರಿನಲ್ಲಿ ಇರಲಿಲ್ಲ. ಅಥೆನ್ಸ್‌ನ ಪ್ರತಿ ಸಭೆಯಲ್ಲೂ ಡಂಗುರದವನು, ಯಾರು ಮಾತಾಡುತ್ತೀರಿ ಅಂತ ಕೂಗಿ ಕೇಳುತ್ತಿದ್ದ. ಅದರಿಂದ ಎಷ್ಟೋ ಮೂರ್ಖತನ ನಡೆಯಿತು, ನಿಜ. ನನ್ನ ಮತ ಆ ಕೂಗಿಗೇ.

ಕ್ರಿ.ಪೂ. 404ರಲ್ಲಿ ಪರ್ಷಿಯಾದ ದುಡ್ಡಿನಿಂದ ಹಡಗು ಕಟ್ಟಿ ಸ್ಪಾರ್ಟಾ ಗೆದ್ದಿತು. ಕೊಳಲಿನ ನಾದದ ನಡುವೆ ಅಥೆನ್ಸ್‌ನ ಉದ್ದ ಗೋಡೆಗಳನ್ನು ಕೆಡವಿದರು. ಸ್ಪಾರ್ಟಾ ಕೂರಿಸಿದ ಮೂವತ್ತು ಜನರ ಗುಂಪು ಸುಮಾರು 1,500 ಜನರನ್ನು ಕೊಂದಿತು. ಮರುವರ್ಷವೇ ಪ್ರಜಾಪ್ರಭುತ್ವದವರು ಊರನ್ನು ವಾಪಸ್ ಪಡೆದರು. ಪಡೆದ ಮೇಲೆ, ಹಳೆಯದನ್ನು ಕೆದಕುವುದಿಲ್ಲ ಅಂತ ಪ್ರಮಾಣ ಮಾಡಿ, ಹೆಚ್ಚುಕಮ್ಮಿ ಅದರಂತೆ ನಡೆದರು. ಅದಾಗಿ ಎಂಬತ್ತು ವರ್ಷ ಅವರ ಪದ್ಧತಿ ಉಳಿಯಿತು. ಅದೇ ಊರು 399ರಲ್ಲಿ ಸಾಕ್ರೆಟಿಸ್‌ಗೆ ವಿಷ ಕೊಟ್ಟಿತು ಅನ್ನುವುದನ್ನು ಬಿಟ್ಟು ಹೇಳಿದರೆ ಅದು ಮೋಸ.

ಗೆದ್ದ ಸ್ಪಾರ್ಟಾಕ್ಕೆ ಸಿಕ್ಕಿದ್ದು ಮೂವತ್ತಮೂರು ವರ್ಷ. ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರಾದಲ್ಲಿ ಥೀಬ್ಸ್‌ನ ಎಪಮಿನೊಂಡಸ್ ಅವರನ್ನು ಸೋಲಿಸಿದ. ಅಲ್ಲಿದ್ದ 700 ಸ್ಪಾರ್ಟಾ ನಾಗರಿಕರಲ್ಲಿ 400 ಜನ ಸತ್ತರು. ಒಂದು ಮಧ್ಯಾಹ್ನದಲ್ಲಿ ಅರ್ಧಕ್ಕಿಂತ ಜಾಸ್ತಿ. ಎಪಮಿನೊಂಡಸ್ ಅಲ್ಲಿಗೆ ನಿಲ್ಲಲಿಲ್ಲ. ಸ್ಪಾರ್ಟಾದ ನೆಲಕ್ಕೆ ನುಗ್ಗಿದ, ಮೆಸೀನಿಯಾದ ಹೆಲಟ್‌ಗಳನ್ನು ಬಿಡಿಸಿದ. ಇಥೋಮೆ ಬೆಟ್ಟದ ಕೆಳಗೆ ಅವರದ್ದೇ ನಗರ ಎದ್ದಿತು, ಮೆಸೀನಿ. ಸುತ್ತ ಸುಮಾರು 9 ಕಿಲೋಮೀಟರ್ ಕಲ್ಲಿನ ಗೋಡೆ. ಅದರ ಹೆಬ್ಬಾಗಿಲು, ಬುರುಜುಗಳು ಈಗಲೂ ನಿಂತಿವೆ. ಅನ್ನ ಕೊಡುವ ನೆಲ ಹೋದ ಮೇಲೆ ಸ್ಪಾರ್ಟಾ ಮತ್ತೆ ದೊಡ್ಡ ರಾಜ್ಯ ಆಗಲಿಲ್ಲ.

ಉಪನ್ಯಾಸ ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಬಲಹೀನ ಮಕ್ಕಳನ್ನು ಬೆಟ್ಟದಿಂದ ಎಸೆಯುತ್ತಿದ್ದರಂತಲ್ಲ, ಸಿನಿಮಾದಲ್ಲಿ ನೋಡಿದ್ದೇವೆ, ನಿಜವೇ ಅಂತ ಒಬ್ಬರು ಕೇಳಿದರು. ಅದನ್ನು ಬರೆದವನು ಪ್ಲುಟಾರ್ಕ್. ಅವನು ಬದುಕಿದ್ದು ಸ್ಪಾರ್ಟಾದ ಒಳ್ಳೆಯ ಕಾಲ ಮುಗಿದು ಐನೂರು ವರ್ಷದ ಮೇಲೆ. ಕೈಯಾಡಸ್ ಅನ್ನುವ ಕಂದಕದಲ್ಲಿ ಸಿಕ್ಕಿರುವ ಮೂಳೆಗಳು ದೊಡ್ಡವರದ್ದು, ಎಳೆ ಮಕ್ಕಳದ್ದಲ್ಲ. ಸ್ಪಾರ್ಟಾದ ಬಗ್ಗೆ ನಾವು ಓದುವ ಹೆಚ್ಚಿನದ್ದೆಲ್ಲ ಹೊರಗಿನವರು ಬರೆದದ್ದು. ಮೆಚ್ಚಿದವರು ಒಂದು ಥರ ಉತ್ಪ್ರೇಕ್ಷೆ ಮಾಡಿದರು, ದ್ವೇಷಿಸಿದವರು ಇನ್ನೊಂದು ಥರ. ನಾನು ಇವತ್ತು ಹೇಳಿದ ಊಟದ ಉಂಡೆ, ಕತ್ತಿ ಹಿಡಿದ ಯುವಕರ ಕಥೆಗಳನ್ನೂ ಆ ಎಚ್ಚರದಲ್ಲೇ ಕೇಳಿ.

ಆಮೇಲೆ ಈ ಊರುಗಳು ಏನಾದವು ಅನ್ನುವುದು ಇನ್ನೊಂದು ಪ್ರಶ್ನೆ. ಅಥೆನ್ಸ್‌ನ ಪ್ರಜಾಪ್ರಭುತ್ವವನ್ನು ಕ್ರಿ.ಪೂ. 322ರಲ್ಲಿ ಮ್ಯಾಸಿಡೋನಿಯಾದವರು ಮುಗಿಸಿದರು. ರೋಮನ್ನರ ಕಾಲಕ್ಕೆ ಅದು ಓದುವ ಊರಾಯಿತು. ಶ್ರೀಮಂತ ರೋಮನ್ನರು ಮಕ್ಕಳನ್ನು ತತ್ವಶಾಸ್ತ್ರ ಕಲಿಯಲು ಅಲ್ಲಿಗೆ ಕಳಿಸುತ್ತಿದ್ದರು. ಸಿಸೆರೊ ಕೂಡ ಮಗನನ್ನು ಕಳಿಸಿದ್ದ. ಆ ಮಗ ಕೊನೆಗೆ ಹೆಸರು ಮಾಡಿದ್ದು ಕುಡಿತದಲ್ಲಿ. ಸ್ಪಾರ್ಟಾ ಪ್ರವಾಸಿಗಳ ಊರಾಯಿತು. ಆರ್ಟೆಮಿಸ್ ಆರ್ಥಿಯಾ ದೇವಿಯ ಬಲಿಪೀಠದ ಮುಂದೆ ಹುಡುಗರಿಗೆ ಚಾಟಿಯಿಂದ ಹೊಡೆಯುವುದನ್ನು ನೋಡಲು ದೂರದೂರಿಂದ ಜನ ಬರುತ್ತಿದ್ದರು. ಬಂದವರು ಕೂತು ನೋಡಲಿ ಅಂತ ಕ್ರಿ.ಶ. 3ನೇ ಶತಮಾನದಲ್ಲಿ ಸುತ್ತಲೂ ಕಲ್ಲಿನ ಆಸನಗಳ ಸಾಲು ಕಟ್ಟಿಸಿದರು. ಅದರ ಅವಶೇಷ ಯೂರೋಟಾಸ್ ದಡದಲ್ಲಿ ಇನ್ನೂ ಇದೆ.